ಗುರುವಾರದ ಸೊನ್ನೆ

ಮಾತಾಡುವ ಮುಂಚೆ ಮುನಿಕೃಷ್ಣ ಬಾಯಿ ಖಾಲಿ ಮಾಡಿಕೊಳ್ಳಬೇಕಿತ್ತು.

ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಹಿಂದೆ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಭಾನುವಾರ ಬೆಳಿಗ್ಗೆ ತಂಜೀಲಾ ಮೇಡಂ ಅವರ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಮೆಟ್ಟಿಲಿನ ತಿರುವಿನಲ್ಲಿ ನಿಂತು, ಕೆಳದುಟಿಯ ಹಿಂದೆ ಒತ್ತಿಟ್ಟ ತಂಬಾಕನ್ನು ಬೆರಳಿನಿಂದ ತೆಗೆದೆಸೆದು, ಬಾಯಿ ಮುಕ್ಕಳಿಸಿ ಒಳಗೆ ಹೋಗುವುದು ಅವನ ಕ್ರಮ. ಯಾರೂ ನೋಡುವುದಿಲ್ಲ ಅಂದುಕೊಂಡಿದ್ದ. ಆ ಭಾನುವಾರ ತಲೆ ಎತ್ತಿದರೆ ಮೇಲಿನ ಮೆಟ್ಟಿಲಲ್ಲಿ ಪ್ರಮೋದಾ ನಿಂತಿದ್ದಳು.

"ಆಯ್ತಾ?" ಅಂದಳು. "ಮೇಡಂ ಕರೀತಿದಾರೆ. ಇವತ್ತು ಡಿಬೇಟು. ನಿಮ್ಮ ಎದುರಿಗೆ ನಾನೇ."

ಮೂರು ತಿಂಗಳಿಂದ ಅವನು ಅವಳನ್ನು ಕದ್ದು ನೋಡುತ್ತಿದ್ದ. ಇಂಗ್ಲಿಷ್ ಪದ ಸಿಗದಿದ್ದಾಗ ಅವಳು ಕೆಳದುಟಿಯ ಒಂದು ತುದಿಯನ್ನು ಮೆಲ್ಲಗೆ ಕಚ್ಚುತ್ತಿದ್ದಳು, ಸಿಕ್ಕ ಕೂಡಲೇ ಬಿಡುತ್ತಿದ್ದಳು. ಅಷ್ಟು ನೋಡುವುದಕ್ಕೆ ಅವನು ಇಡೀ ವಾರ ಕಾಯುತ್ತಿದ್ದ. ಅವನ ತಪ್ಪೇನೂ ಇಲ್ಲ ಬಿಡಿ. ಕರೇನಹಳ್ಳಿಯಲ್ಲಿ ಪವರ್‌ಲೂಮ್ ಓಡಿಸುವವನು. ಮಗ್ಗದ ಸದ್ದಿನಲ್ಲಿ ಕಿವಿಗೆ ಕೆಲಸವಿಲ್ಲ, ಎದುರಿನವರ ತುಟಿ ನೋಡಿಯೇ ಮಾತು ತಿಳಿಯಬೇಕು. ಅವಳೂ ನೇಕಾರರ ಮನೆಯ ಹುಡುಗಿ, ದೇವನಹಳ್ಳಿ ಏರ್‌ಪೋರ್ಟಿನ ಕಾರ್ಗೋ ಆಫೀಸಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅವನು ತುಟಿ ನೋಡುವುದು ಯಾವಾಗ ಅಭ್ಯಾಸಕ್ಕೆ, ಯಾವಾಗ ಆಸೆಗೆ ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಾಗುತ್ತಿತ್ತು.

ವಿಷಯ: ಇಂಗ್ಲಿಷ್ ಇಡೀ ಲೋಕದ ಭಾಷೆ ಆದದ್ದು ಹೇಗೆ. ಮಾತು ಇಂಗ್ಲಿಷಿನಲ್ಲೇ ನಡೆಯಬೇಕೆಂದು ಮೇಡಂ ಅವರ ಕಟ್ಟಪ್ಪಣೆ. ಇಬ್ಬರ ಇಂಗ್ಲಿಷೂ ಸಮಸಮನಾಗಿ ಕುಂಟುತ್ತಿದ್ದುದರಿಂದ ಇಲ್ಲಿ ಅರ್ಥವನ್ನಷ್ಟೇ ಹೇಳುವುದು ಅವರಿಗೂ ಮರ್ಯಾದೆ, ನಮಗೂ ಸುಲಭ.

ಜನ ಬೇಕೆಂದೇ ಅದನ್ನು ಹಿಡಿದರು ಅಂತ ಮುನಿಕೃಷ್ಣ ಶುರುಮಾಡಿದ. ಬ್ರಿಟಿಷರು ಹೋಗಿ ಎಷ್ಟು ಕಾಲವಾಯಿತು, ಇವತ್ತು ನಮ್ಮ ಕತ್ತು ಹಿಡಿದು ಯಾರು ಕಲಿಸುತ್ತಿದ್ದಾರೆ? ವಿಮಾನ, ಕಂಪ್ಯೂಟರ್, ವ್ಯಾಪಾರ ಎಲ್ಲಕ್ಕೂ ಅದು ಬೇಕಾಯಿತು, ಬೆಳೆಯಿತು. "ನಮ್ಮ ಶೆಡ್ಡಿಗೆ ಚೀನಾದಿಂದ ಹೊಸ ಮಗ್ಗ ಬಂತು. ಅದರ ಜೊತೆಗೆ ಬಂದ ಪುಸ್ತಕವೂ ಇಂಗ್ಲಿಷೇ. ಚೀನಾದವರಿಗೆ ಯಾರು ಕೋವಿ ತೋರಿಸಿದರು?"

"ಬ್ರಿಟಿಷರು ಕೋವಿಯನ್ನೂ ತೋರಿಸಿದರು, ಅಫೀಮನ್ನೂ ತಿನ್ನಿಸಿದರು," ಅಂದಳು ಪ್ರಮೋದಾ. ಕ್ಲಾಸು ನಕ್ಕಿತು. ಅವಳು ನಗಲಿಲ್ಲ. ಚಹಾವನ್ನು ನಮ್ಮ ಜನರಿಗೆ ಮೊದಮೊದಲು ಪುಕ್ಕಟೆ ಕುಡಿಸಿದರಂತೆ, ಇವತ್ತು ಅದಿಲ್ಲದೆ ಬೆಳಗಾಗುವುದಿಲ್ಲ. ಇಂಗ್ಲಿಷೂ ಹಾಗೆಯೇ. ಮೊದಲು ಗುಮಾಸ್ತೆ ಕೆಲಸದ ಆಸೆ, ಆಮೇಲೆ ಅದಿಲ್ಲದವನಿಗೆ ಕೆಲಸವೇ ಇಲ್ಲ. ಅಭ್ಯಾಸ ಹಿಡಿಸಿದವನು ಎದ್ದು ಹೋದ, ಅಭ್ಯಾಸ ಇಲ್ಲೇ ಕೂತಿದೆ. ಇದನ್ನು ಬೇಕೆಂದು ಹಿಡಿದದ್ದು ಅನ್ನುತ್ತೀರಾ?

"ಬೇಕು ಅಂತ ಹಿಡಿದವನು ಬೇಡ ಅನಿಸಿದ ದಿನ ಬಿಡಬಹುದು," ಅಂದ ಮುನಿಕೃಷ್ಣ.

ಅವಳ ಕಣ್ಣು ಅವನ ಮುಖದಿಂದ ಇಳಿದು ಶರ್ಟಿನ ಜೇಬಿಗೆ ಬಂತು. ಅಲ್ಲಿ ತಂಬಾಕಿನ ಪೊಟ್ಟಣದ ತುದಿ ಇಣುಕುತ್ತಿತ್ತು. ಅಷ್ಟರಲ್ಲಿ ಅವಳ ಇಂಗ್ಲಿಷ್ ಮುಗಿದುಹೋಗಿತ್ತು, ಕನ್ನಡಕ್ಕೆ ಇಳಿದಳು.

"ಹಂಗಾದ್ರೆ ಬಿಟ್ಟು ತೋರ್ಸಿ."

ಅವನು ಪೊಟ್ಟಣವನ್ನು ಜೇಬಿನೊಳಕ್ಕೆ ತಳ್ಳಿದ. "ನೀವು ಇಂಗ್ಲಿಷ್ ಬಿಡ್ತೀರಾ?"

"ಒಂದು ವಾರ. ಒಂದು ಪದಾನೂ ಆಡಲ್ಲ. ನೀವು ಒಂದು ವಾರ ಹೊಗೆಸೊಪ್ಪು ಮುಟ್ಟಬೇಡಿ. ದಿನಾ ಸಂಜೆ ಏಳಕ್ಕೆ ಎಷ್ಟು ಸಲ ತಪ್ಪಿದ್ವಿ ಅಂತ ಒಬ್ಬರಿಗೊಬ್ಬರು ನಿಜ ಹೇಳ್ಬೇಕು."

"ನಮ್ಮ ಮನೇಲಿ ದಖನಿ ಉರ್ದು, ಬೀದೀಲಿ ಕನ್ನಡ, ಇಲ್ಲಿ ಇಂಗ್ಲಿಷು. ನನ್ನನ್ನ ಮಾತ್ರ ಈ ಪಂದ್ಯಕ್ಕೆ ಸೇರಿಸ್ಬೇಡಿ," ಅಂದರು ತಂಜೀಲಾ ಮೇಡಂ. ಇಬ್ಬರನ್ನೂ ನೋಡಿ, ಬೋರ್ಡಿನ ಕಡೆ ತಿರುಗಿ ಒಬ್ಬರೇ ನಕ್ಕರು.

ಸೋಮವಾರ ಏಳು ಗಂಟೆಗೆ ಫೋನು ಬಂತು.

"ಮೂವತ್ತೊಂದು," ಅಂದಳು ಪ್ರಮೋದಾ, ಸೋತ ದನಿಯಲ್ಲಿ.

"ಅಷ್ಟೊಂದಾ?"

"ಬಸ್ಸು ಅನ್ನೋದನ್ನೂ ಎಣಿಸಿದೀನಿ."

"ಬಸ್ಸನ್ನ ಬಿಟ್ಬಿಡಿ. ಬೇರೆ ಏನಂತೀರಿ ಅದನ್ನ?"

"ಅದನ್ನೇ ಯೋಚನೆ ಮಾಡ್ತಾ ನಿಂತಿದ್ದೆ. ಅದು ಹೊರಟೇ ಹೋಯ್ತು."

ಅವನು ನಕ್ಕ. ಇಡೀ ದಿನದಲ್ಲಿ ನಕ್ಕದ್ದು ಅದೊಂದೇ ಸಲ. ಬೆಳಿಗ್ಗೆಯಿಂದ ತಲೆ ಸಿಡಿಯುತ್ತಿತ್ತು. ಕೂತರೆ ಕಾಲು ಅಲ್ಲಾಡುತ್ತಿತ್ತು, ನಿಂತರೆ ಕೈ ತಾನಾಗಿ ಜೇಬಿಗೆ ಹೋಗಿ ಬರಿಗೈಯಲ್ಲಿ ವಾಪಸು ಬರುತ್ತಿತ್ತು. ಮಗ್ಗದ ಲಾಳಿ ಎಡಕ್ಕೂ ಬಲಕ್ಕೂ ಓಡುವುದನ್ನು ನೋಡಿದರೆ ಸಿಟ್ಟು ಬರುತ್ತಿತ್ತು. ಸಂಜೆ ಆರಕ್ಕೆ ಶುರುವಾದ ಚಡಪಡಿಕೆ ಮಾತ್ರ ಬೇರೆ ಥರದ್ದು. ಅದು ತಂಬಾಕಿನದೋ ಏಳು ಗಂಟೆಯದೋ ಅವನಿಗೆ ಬಿಡಿಸಿ ಹೇಳಲಾಗಲಿಲ್ಲ.

"ನಿಮ್ಮದು?"

"ಸೊನ್ನೆ."

ಆ ಕಡೆ ಅವಳು ಉಸಿರು ಬಿಟ್ಟದ್ದು ಕೇಳಿಸಿತು.

ಮಂಗಳವಾರ ಅವಳದು ಹತ್ತೊಂಬತ್ತು, ಅವನದು ಸೊನ್ನೆ. ಅವತ್ತು ಅವಳು ಅಪ್ಪನ ವಿಷಯ ಹೇಳಿದಳು. ರಾಮಾಂಜಿನಪ್ಪ ಮೂವತ್ತು ವರ್ಷ ಮಗ್ಗದ ಮುಂದೆ ನಿಂತವರು, ಮೂವತ್ತು ವರ್ಷವೂ ಬಾಯಲ್ಲಿ ತಂಬಾಕು. ಎರಡು ವರ್ಷದ ಕೆಳಗೆ ದವಡೆಯ ಒಂದು ಪಾಲನ್ನು ಆಪರೇಷನ್ ಮಾಡಿ ತೆಗೆದರು. ಈಗ ಅವರ ಮಾತು ಕಿವಿಗೆ ತಿಳಿಯುವುದಿಲ್ಲ. ತುಟಿ ಒಂದು ಪಕ್ಕಕ್ಕೆ ಎಳೆದುಕೊಂಡಿರುವುದರಿಂದ ಮಗ್ಗದವರ ಕಣ್ಣಿಗೂ ತಿಳಿಯುವುದಿಲ್ಲ.

"ನನಗೊಬ್ಬಳಿಗೇ ಅರ್ಥ ಆಗೋದು," ಅಂದಳು. "ಅದಕ್ಕೇ ನಾನು ಅವತ್ತು ಎಲ್ಲರ ಮುಂದೆ ಹಂಗಂದಿದ್ದು. ಇನ್ನೊಬ್ಬರ ಬಾಯಿ ಹಂಗಾಗೋದನ್ನ ಹತ್ತಿರದಿಂದ ನೋಡೋ ಶಕ್ತಿ ನನಗಿಲ್ಲ, ಮುನಿಕೃಷ್ಣ ಅವ್ರೇ."

ಹತ್ತಿರದಿಂದ ಎಂಬ ಮಾತು ಅವನೊಳಗೆ ಹೋಗಿ ಕೂತಿತು. ಇನ್ನು ಇದು ಬರೀ ಪಂದ್ಯವಲ್ಲ, ತಂಬಾಕು ಇದ್ದಲ್ಲಿ ಅವಳು ಇರುವುದಿಲ್ಲ ಎಂದು ಸ್ಪಷ್ಟವಾಯಿತು.

ಗುರುವಾರ ಮಧ್ಯಾಹ್ನ ಕರೆಂಟು ಹೋಯಿತು.

ಮಗ್ಗ ಓಡುವಾಗ ಕೈಗೆ ಕೆಲಸವಿರುತ್ತದೆ, ಹೇಗೋ ತಡೆಯಬಹುದು. ನಿಂತರೆ ಕಷ್ಟ. ಶೆಡ್ಡಿನಲ್ಲಿ ಒಮ್ಮೆಗೇ ಸದ್ದಡಗಿ, ಎಲ್ಲರೂ ಬಾಗಿಲ ನೆರಳಿಗೆ ಬಂದು ಕೂತರು. ಒಬ್ಬ ಸುಣ್ಣ ಹಾಕಿ ಅಂಗೈಯಲ್ಲಿ ತಂಬಾಕು ತಿಕ್ಕಿ ಎಲ್ಲರ ಮುಂದೆ ಹಿಡಿಯುತ್ತಾ ಬಂದ. ಕರೆಂಟು ಹೋದಾಗ ತಿಕ್ಕಿದವನು ಎಲ್ಲರಿಗೂ ಕೊಡಬೇಕು, ಕೊಟ್ಟದ್ದನ್ನು ಬೇಡ ಅನ್ನಬಾರದು. ಅಲ್ಲಿಯ ರೂಢಿ ಅದು. ಮುನಿಕೃಷ್ಣ ಬೇಡ ಅನ್ನಬೇಕೆಂದೇ ಬಾಯಿ ತೆರೆದ. ಬೆರಳು ಅಷ್ಟರಲ್ಲಿ ಒಂದು ಚಿಟಿಕೆ ತೆಗೆದುಕೊಂಡಾಗಿತ್ತು.

ಎರಡು ನಿಮಿಷ ಸ್ವರ್ಗ. ಆಮೇಲೆ ಎದ್ದು ಹೋಗಿ ನಲ್ಲಿಯ ಹತ್ತಿರ ಬಾಯಿ ತೊಳೆದ, ಇನ್ನೊಂದು ಸಲ ತೊಳೆದ.

ಏಳು ಗಂಟೆಗೆ ಪ್ರಮೋದಾಳ ದನಿ ಕುಣಿಯುತ್ತಿತ್ತು. "ಇವತ್ತು ನಂದು ಬರೀ ಆರು. ನಿಮ್ಮದು?"

'ಒಂದು' ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅವನು ಸೊನ್ನೆ ಅಂದ.

"ನನಗೆ ಗೊತ್ತಿತ್ತು," ಅಂದಳು ಅವಳು, ಮೆಲ್ಲಗೆ. "ಅಪ್ಪನಿಗೆ ನಿಮ್ಮ ವಿಷಯ ಹೇಳಿದೀನಿ. ಮಗ್ಗದೋನು ಅದನ್ನ ಬಿಟ್ಟನಾ, ಅವನ ಮುಖ ನೋಡ್ಬೇಕು ಅಂದ್ರು. ಭಾನುವಾರ ಸಂಜೆ ಮನೆಗೆ ಬರ್ತೀರಾ?"

ಶುಕ್ರವಾರ, ಶನಿವಾರ ನಿಜವಾದ ಸೊನ್ನೆಗಳೇ. ಆದರೆ ಸುಳ್ಳು ಸೊನ್ನೆಯ ಪಕ್ಕದಲ್ಲಿ ಅವಕ್ಕೆ ಬೆಲೆಯೇ ಬರಲಿಲ್ಲ. ಹೇಳಿದರೆ ಅವಳು ಹೋಗುತ್ತಾಳೆ. ಹೇಳದಿದ್ದರೆ ಅವಳು ಉಳಿಯುವುದು ಇಲ್ಲದ ಒಬ್ಬ ಮುನಿಕೃಷ್ಣನ ಹತ್ತಿರ. ಮಗ್ಗದಲ್ಲಿ ಎರಡು ಸಲ ಎಳೆ ತುಂಡಾದದ್ದೂ ಗಮನಕ್ಕೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಕ್ಲಾಸು ತಪ್ಪಿಸಿಕೊಂಡ, ಸಂಜೆ ಮಾತ್ರ ಅವಳ ಮನೆಗೆ ಹೋದ. ಹಬ್ಬದ ಆರ್ಡರ್ ಇದ್ದುದರಿಂದ ಅವರ ಮನೆಯ ನಾಲ್ಕು ಮಗ್ಗಗಳೂ ಓಡುತ್ತಿದ್ದವು. ಪ್ರಮೋದಾಳ ತಾಯಿ ಗಂಗಲಕ್ಷ್ಮಮ್ಮ ಕಾಫಿ ಕೊಟ್ಟು ಕೊನೆಯ ಮಗ್ಗದ ಹಿಂದಕ್ಕೆ ಹೋದರು. ಕಿಟಕಿಯ ಹತ್ತಿರ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ರಾಮಾಂಜಿನಪ್ಪ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, ಎದ್ದು ಬಂದು ಬೆನ್ನು ತಟ್ಟಿದರು. ಆ ತಟ್ಟುವಿಕೆಯನ್ನು ಅವನಿಂದ ತಾಳಲಾಗಲಿಲ್ಲ.

ಪ್ರಮೋದಾ ಮೊದಲನೇ ಮಗ್ಗದ ಆಚೆ ನಿಂತಿದ್ದಳು. ಮಗ್ಗ ಹಸಿರು ಸೀರೆ ನೇಯುತ್ತಿತ್ತು, ಅವಳು ಎಳೆಗಳ ಮೇಲಿಂದ ಒಂದು ಸಲ ಅವನ ಕಡೆ ನೋಡಿ ಕಣ್ಣು ತಗ್ಗಿಸಿದಳು, ಮತ್ತೆ ನೋಡಿದಳು. ಇಷ್ಟು ಸಂತೋಷವಾಗಿರುವ ಮುಖವನ್ನು ಅವನು ಹಿಂದೆ ಕಂಡಿರಲಿಲ್ಲ. ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಿರಲಿಲ್ಲ, ದನಿಯಿಲ್ಲದೆ ಹೇಳುವಷ್ಟು ಇತ್ತು. ಮಗ್ಗದ ಈ ಕಡೆ ನಿಂತು, ಬರೀ ತುಟಿಯಲ್ಲಿ ಹೇಳಿದ:

"ಗುರುವಾರ ಒಂದ್ಸಲ ಹಾಕ್ದೆ. ನಿಮಗೆ ಸುಳ್ಳು ಹೇಳ್ದೆ. ನಿಜ ಹೇಳಿದ್ರೆ ನೀವು ಸಿಗಲ್ಲ ಅಂತ ಭಯ ಆಯ್ತು. ನೀವಂದ್ರೆ ನನಗೆ ತುಂಬಾ ಇಷ್ಟ, ಪ್ರಮೋದಾ."

ಅವಳ ಮುಖದಿಂದ ನಗು ಇಳಿಯುತ್ತಿದ್ದುದನ್ನೇ ನೋಡುತ್ತಿದ್ದ ಅವನಿಗೆ, ಕೊನೆಯ ಮಗ್ಗ ನಿಂತದ್ದು ತಡವಾಗಿ ಗೊತ್ತಾಯಿತು. ಆಮೇಲೆ ಮೂರನೆಯದು, ಎರಡನೆಯದು. ಗಂಗಲಕ್ಷ್ಮಮ್ಮ ಒಂದೊಂದನ್ನೇ ನಿಲ್ಲಿಸುತ್ತಾ ಬರುತ್ತಿದ್ದರು. ಸದ್ದಿನಲ್ಲಿ ಗುಟ್ಟು ಹೇಳಹೊರಟವನು, ಆ ಮನೆಯಲ್ಲಿ ಎಲ್ಲರಿಗೂ ತುಟಿ ಓದಲು ಬರುತ್ತದೆ ಎಂಬುದನ್ನೇ ಮರೆತಿದ್ದ. ಅದೂ ಹುಟ್ಟಿದಾಗಿನಿಂದ ಮಗ್ಗದ ಮನೆಯಲ್ಲೇ ಇದ್ದವನು.

ನಾಲ್ಕೂ ಮಗ್ಗ ನಿಂತಾಗ ರಾಮಾಂಜಿನಪ್ಪ ಏನೋ ಹೇಳಿದರು. ಅವನಿಗೂ ಗಂಗಲಕ್ಷ್ಮಮ್ಮನಿಗೂ ತಿಳಿಯಲಿಲ್ಲ. ಪ್ರಮೋದಾ ತಲೆ ತಗ್ಗಿಸಿ ನಿಂತಿದ್ದಳು. ಅವರು ಇನ್ನೊಂದು ಸಲ, ಜೋರಾಗಿ ಹೇಳಿದರು.

"ಏನಂತೆ?" ಅಂದರು ಗಂಗಲಕ್ಷ್ಮಮ್ಮ.

ಪ್ರಮೋದಾ ನೆಲ ನೋಡುತ್ತಲೇ ಹೇಳಿದಳು. "'ನಿಮ್ಮಮ್ಮನಿಗೆ ನಾನು ಮೂವತ್ತು ವರ್ಷಾನೂ ಹೊಗೆಸೊಪ್ಪು ಬಿಟ್ಟಿದೀನಿ, ಬಿಟ್ಟಿದೀನಿ ಅಂತಲೇ ಹೇಳ್ದೆ. ಒಂದು ದಿನಾನೂ ಇವನ ಹಂಗೆ ಬಂದು ನಿಜ ಹೇಳ್ಲಿಲ್ಲ' ಅಂತಿದಾರೆ."

ಗಂಗಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಅದು ಬೆವರೋ ಏನೋ, ಅವರನ್ನು ಕೇಳುವ ಹಾಗಿರಲಿಲ್ಲ.

"ನೀವು ಹೊರಡಿ," ಅಂದಳು ಪ್ರಮೋದಾ. ಅವಳ ಕಣ್ಣು ತುಂಬಿತ್ತು. "ನಾಳೆ ಏಳಕ್ಕೆ ಹೇಳ್ತೀನಿ."

ಸೋಮವಾರ ಅವನು ಗಡಿಯಾರವನ್ನು ನೋಡಿದಷ್ಟು ಸಲ ಸೀರೆಯನ್ನು ನೋಡಲಿಲ್ಲ. ಮಧ್ಯಾಹ್ನ ಕರೆಂಟು ಹೋಯಿತು. ಅಂಗೈ ಮುಂದೆ ಬಂತು. ಅವನು ಎದ್ದು ರಸ್ತೆಗೆ ಹೋಗಿ, ಕರೆಂಟು ಬರುವವರೆಗೂ ಬಿಸಿಲಲ್ಲಿ ಅತ್ತಿತ್ತ ನಡೆದ. ಹಿಂದಿನಿಂದ ಯಾರೋ ನಕ್ಕರು. ನಗಲಿ ಬಿಡು ಅಂದುಕೊಂಡ. ಏಳಾಯಿತು, ಫೋನು ಬರಲಿಲ್ಲ. ಏಳೂ ಐದಾಯಿತು. ಏಳೂ ಹತ್ತಕ್ಕೆ ಬಂತು.

"ಹೇಳಿ," ಅಂದಳು.

"ನಾಲ್ಕು ಸಲ ಕೈ ಜೇಬಿಗೆ ಹೋಯ್ತು. ಒಂದ್ಸಲ ತಿಕ್ಕಿದ್ದು ಮೂಗಿನ ಹತ್ರಾನೇ ಬಂತು. ಬಾಯಿಗೆ ಹಾಕ್ಲಿಲ್ಲ. ನಾಳೆ ಏನಾಗುತ್ತೋ ಗೊತ್ತಿಲ್ಲ."

"ನನಗೆ ಸೊನ್ನೆ ಬೇಡ," ಅಂದಳು. "ನಿಜ ಹೇಳಿ ಸಾಕು. ಇನ್ನೊಂದ್ಸಲ ಸುಳ್ಳು ಹೇಳಿದ್ರೆ ಆಮೇಲೆ ನಾನು ಸಿಗಲ್ಲ."

"ಹೇಳಲ್ಲ." ಅಂದ ಅವನು. "ನಿಮ್ಮದೆಷ್ಟು? ಪಂದ್ಯ ನಿನ್ನೇನೇ ಮುಗೀತಲ್ಲ."

"ನಿಮ್ಮದು ಮುಗೀತಾ?"

"ಇಲ್ಲ."

"ಹಂಗಾದ್ರೆ ನಂದೂ ಇಲ್ಲ. ಇವತ್ತು ನಂದು ಒಂದೇ ಒಂದು ತಪ್ಪಾಯ್ತು."

"ಯಾವ ಪದ?"

ಆ ಕಡೆ ಮಗ್ಗಗಳ ಸದ್ದು ಕೇಳುತ್ತಿತ್ತು. ಅವಳು ಎದ್ದು ಎಲ್ಲೋ ದೂರ ಹೋದಳು, ಸದ್ದು ಕಡಿಮೆಯಾಯಿತು. ಬಾಗಿಲು ಹಾಕಿಕೊಂಡದ್ದೂ ಕೇಳಿಸಿತು.

"ಬೆಳಿಗ್ಗೆ ಅಮ್ಮ ಕೇಳಿದ್ರು, ಆ ಹುಡುಗ ನಿನಗೆ ಇಷ್ಟಾನಾ ಅಂತ. ಯೋಚನೆ ಮಾಡೋಕೂ ಮುಂಚೆ ಬಾಯಿಂದ ಬಂದ್ಬಿಡ್ತು." ಅವಳು ಕೆಳದುಟಿ ಕಚ್ಚಿಕೊಂಡಿರಬೇಕು ಎಂದು ಅವನಿಗೆ ಫೋನಿನಲ್ಲೇ ಗೊತ್ತಾಯಿತು. "ಯೆಸ್ ಅಂದ್ಬಿಟ್ಟೆ."