ಕೋರೆಹಲ್ಲಿನ ಜಗಳ

"ರೀ ಡಾಕ್ಟ್ರ, ಹಲ್ಲಿನ ನರ ತಗದೇನಿ ಅಂದ್ರಿ. ಮತ್ತ ಈ ಬ್ಯಾನಿ ಯಾರದು, ನಿಮ್ಮದೇನು?"

ಎಡಗೆನ್ನೆ ಒತ್ತಿ ಹಿಡಿದು ಬಾಗಿಲಲ್ಲಿ ನಿಂತವನು ಬಾಳೇಶ. ರಬಕವಿಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳ ಯಜಮಾನ. ನಾಲ್ಕು ದಿನದ ಹಿಂದೆ ಅವನ ಮೇಲಿನ ಕೋರೆಹಲ್ಲಿಗೆ ಡಾಕ್ಟರ್ ಸಂಧ್ಯಾ ರೂಟ್ ಕೆನಾಲ್ ಮಾಡಿದ್ದಳು. ಅಂದಿನಿಂದ ಇದು ಮೂರನೆಯ ಸಲ ಹೀಗೆ ಬಂದು ಒದರುತ್ತಿದ್ದಾನೆ. ಪುಣ್ಯಕ್ಕೆ ಹೊರಗಿನ ಬೆಂಚು ಖಾಲಿಯಿತ್ತು.

"ಕುಂಡ್ರಿ. ಗುಳಿಗಿ ತಗೊಂಡ್ರ್ಯಾ?"

"ಊಟ ಆದಮ್ಯಾಲ, ನೀವು ಹೇಳಿದಂಗ."

"ಉಪ್ಪುನೀರು?"

"ಮುಕ್ಕಳಿಸಿ ಮುಕ್ಕಳಿಸಿ ಬಾಯಿ ಸಮುದ್ರ ಆಗೇತಿ."

"ಆ ಹಲ್ಲಿಲೆ ಏನರ ಕಡದ್ರ್ಯಾ? ಕಟಕ ರೊಟ್ಟಿ, ಕಬ್ಬು..."

"ನಾಲ್ಕ ದಿನದಿಂದ ಗಂಜಿ ಕುಡ್ಯಾಕತ್ತೇನಿ. ದುಡಿಯೋ ಮನಷ್ಯಾ ಗಂಜಿ ಮ್ಯಾಲ ಬದುಕ್ತಾನೇನ್ರಿ?"

ಸುಳ್ಳು. ಶುದ್ಧ ಸುಳ್ಳು! ಸಂಧ್ಯಾ ಕನ್ನಡಿಯ ಹಿಡಿಯಿಂದ ಹಲ್ಲನ್ನು ಮೆಲ್ಲಗೆ ತಟ್ಟಿದಳು. ಅವನು ಕುರ್ಚಿಯಿಂದ ಎಗರಿಬಿದ್ದ. ಎಕ್ಸ್‌ರೇ ಮತ್ತೆ ನೋಡಿದಳು. ಎಲ್ಲವೂ ಸರಿಯಿದೆ. ಕೆಳಗಿನ ಹಲ್ಲು ತಾಗಬಾರದೆಂದು ತುಂಬಿದ್ದನ್ನು ನಿನ್ನೆಯೇ ಸ್ವಲ್ಪ ಉಜ್ಜಿ ತಗ್ಗಿಸಿದ್ದಳು. ಆದರೂ...

'ತಪ್ಪು ನನ್ನ ಕೈಯದೇ ಆಗಿದ್ದರೆ?' ಹೆದರಿಕೆಯಾದಾಗ ಸಂಧ್ಯಾಗೆ ಸಿಟ್ಟು ಬರುತ್ತಿತ್ತು. ಹುಟ್ಟುಗುಣ, ಏನು ಮಾಡುವುದು.

"ಎರಡ್ಮೂರ ದಿನ ನೋಯೂದು ಸಹಜ. ಆದ್ರ ದಿನಾ ಕಡಿಮಿ ಆಗಬೇಕು. ನಿಮಗ ಹೆಚ್ಚಾಗಾಕತ್ತೇತಿ ಅಂದ್ರ ಏನೋ ಮುಚ್ಚಿಡಾಕತ್ತೀರಿ."

"ಅಂದ್ರ ನಾ ಸುಳ್ಳ?"

"ಹಲ್ಲಂತೂ ಸುಳ್ಳ ಹೇಳಂಗಿಲ್ಲ."

ಬಾಳೇಶ ಎದ್ದು ನಿಂತ. "ನಾಳೆ ಸಂಜಿತನಕ ನೋಡ್ತೇನಿ. ಬ್ಯಾನಿ ಹೋಗಲಿಲ್ಲಂದ್ರ ಜಮಖಂಡಿಗಿ ಹೋಗಿ ಕೀಳಿಸಿಕೊಂಡ ಬರತೇನಿ."

"ಕೀಳಸ್ರಿ. ನಕ್ಕಾಗ ಕಿಂಡಿ ಕಾಣಲಿ."

"ನಿಮ್ಮ ಮಾರಿ ನೋಡಿದ್ರ ನಗು ಎಲ್ಲಿ ಬರತೈತಿ ಬಿಡ್ರಿ."

ಹೋಗಿಯೇಬಿಟ್ಟ. ಸಂಧ್ಯಾ ಕೈಗವಸು ಕಿತ್ತು ಬುಟ್ಟಿಗೆ ಎಸೆದಳು.

ಅವಳ ಸಂಕಟ ಅವಳಿಗೆ. ಬೀಳಗಿ ಕಡೆಯ ಅವರ ಹಳ್ಳಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಅಪ್ಪ ಪುನರ್ವಸತಿಯ ಹೊಸ ಊರಿನಲ್ಲಿದ್ದುಕೊಂಡೇ ಅವಳನ್ನು ಓದಿಸಿದ್ದ. ರಬಕವಿಯಲ್ಲಿ ದವಾಖಾನೆ ತೆರೆಯುವಾಗ ಒಂದೇ ಮಾತು ಹೇಳಿದ್ದ: "ಒಂದ ವರ್ಷ ನೋಡು. ನಡೀಲಿಲ್ಲಂದ್ರ ಬಾಗಲಾ ಹಾಕ್ಕೊಂಡು ಬಾ, ಲಗ್ನ ಮಾಡ್ತೇವಿ."

ಎಂಟು ತಿಂಗಳು ಕಳೆದಿತ್ತು. ಹಲ್ಲು ನೋಯುತ್ತದೆ ಎಂದು ಬಂದವರೆಲ್ಲ "ಕಿತ್ತಬಿಡ್ರಿ" ಅನ್ನುವವರೇ. ಉಳಿಸಿಕೊಡಿ ಎಂದು ಕೂತ ಮೊದಲ ಮನುಷ್ಯ ಈ ಬಾಳೇಶ. ಇಲ್ಲೇ ಹೀಗೆ ಒದರುವವನು ಊರಲ್ಲಿ ಏನೇನು ಹೇಳುತ್ತಿದ್ದಾನೋ. ಅವನ ಹಲ್ಲು ಹೋದರೆ ಅವಳ ಹೆಸರೂ ಹೋಯಿತು, ದವಾಖಾನೆಯೂ ಹೋಯಿತು.

ಇಷ್ಟು ಸಿಟ್ಟಿನಲ್ಲೂ ಅವನ ನಿದ್ದೆಗೆಟ್ಟ ಕಣ್ಣು ನೆನೆದು ಪಾಪ ಅನ್ನಿಸಿತು. ಅದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

'ಏನು ಕಡಿಯುತ್ತಾನೋ ಕಣ್ಣಾರೆ ನೋಡಿಯೇ ಬಿಡುತ್ತೇನೆ.'

ಮರುದಿನ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ನೇರ ಅವನ ಮಗ್ಗದ ಮನೆಗೆ ನಡೆದಳು. ಬಾಗಿಲ ಬಳಿ ಅವನ ತಾಯಿ ತಾಯವ್ವ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ಒಳಗೆ ನಾಲ್ಕೂ ಮಗ್ಗ ಖಟಪಟ ಬಡಿಯುತ್ತಿದ್ದವು. ಬಾಳೇಶನಿಗೆ ಇವಳು ಬಂದದ್ದೇ ತಿಳಿಯಲಿಲ್ಲ.

ಒಂದು ಮಗ್ಗದಲ್ಲಿ ಎಳೆ ಹರಿಯಿತು. ಅವನು ಮಗ್ಗ ನಿಲ್ಲಿಸಿದ. ಎರಡೂ ತುದಿ ಹಿಡಿದು ಗಂಟು ಹಾಕಿದ. ಬಗ್ಗಿ, ಉಳಿದ ತುದಿಯನ್ನು ಎಡಗಡೆಯ ಕೋರೆಹಲ್ಲಿಗೆ ಕೊಟ್ಟು ಕಟಕ್ಕನೆ ಕಡಿದ. ಮುಖ ಕಿವುಚಿ ಕೆನ್ನೆ ಹಿಡಿದುಕೊಂಡ. ಮತ್ತೆ ಮಗ್ಗ ಚಾಲೂ ಮಾಡಿದ.

ಸಂಧ್ಯಾ ನೋಡುತ್ತ ನಿಂತಿದ್ದ ಹತ್ತು ನಿಮಿಷದಲ್ಲಿ ಅದು ಮೂರು ಸಲ ನಡೆಯಿತು.

"ನಿಲ್ಲಸ್ರಿ ಮಗ್ಗಾ!"

ಬಾಳೇಶ ಬೆಚ್ಚಿ ತಿರುಗಿದ. ನಾಲ್ಕೂ ಮಗ್ಗ ನಿಂತವು.

"ಈಗ ಏನ ಕಡದ್ರಿ?"

"ನಾನಾ? ಏನೂ ಇಲ್ಲ."

"ಎಳಿ ಯಾವದರಿಂದ ಹರದ್ರಿ ಮತ್ತ?"

ಅವನು ಕೈಯಲ್ಲಿದ್ದ ನೂಲಿನ ತುಣುಕು ನೋಡಿದ. ತುದಿ ಎಂಜಲಿನಿಂದ ಒದ್ದೆಯಾಗಿತ್ತು. ಅವನ ಮುಖ ನೋಡಬೇಕಿತ್ತು ನೀವು.

"ಅದು... ತಿನ್ನೂದಲ್ಲಲ್ರಿ."

"ದಿನಕ್ಕ ಎಷ್ಟ ಸಲ?"

"ನೂರೋ ಇನ್ನೂರೋ," ತಾಯವ್ವ ಕೂತಲ್ಲಿಂದಲೇ ಹೇಳಿದಳು. "ಸಣ್ಣಾಂವ ಇದ್ದಾಗಿಂದ ಹಿಂಗ. ನಮ್ಮ ಮನ್ಯಾಗ ಎಲ್ಲಾರದೂ ಹಲ್ಲ ಕತ್ತರಿ."

ಸಂಧ್ಯಾಳ ಒಳಗೆ ಐದು ದಿನದಿಂದ ಕಟ್ಟಿಕೊಂಡಿದ್ದೆಲ್ಲ ಹೊರಗೆ ಬಂತು. "ಹೊಸದಾಗಿ ನರ ತಗದ ಹಲ್ಲಿಲೆ ದಿನಾ ಇನ್ನೂರ ಸಲ ಕಡಿಯೂದು. ಮತ್ತ ಡಾಕ್ಟ್ರ ಕೈ ಛಲೋ ಇಲ್ಲ ಅಂತ ಊರೆಲ್ಲಾ ಡಂಗುರ ಸಾರೂದು. ಒಬ್ಬ ಹೆಣ್ಣಮಗಳ ಅನ್ನಕ್ಕ ಕಲ್ಲ ಹಾಕಾಕ ಮನಸರ ಹೆಂಗ ಬಂತ್ರಿ ನಿಮಗ?"

"ಯಾರು ಸಾರ್ಯಾರ, ಇಂವಾ?" ತಾಯವ್ವ ರಾಟೆ ಬಿಟ್ಟು ಎದ್ದಳು. "ಚಾದಂಗಡ್ಯಾಗ ಯಾರ ಕೇಳಿದ್ರೂ 'ಹೂ ಎತ್ತಿದಂಗ ಮಾಡ್ಯಾರ, ಒಂಚೂರೂ ಬ್ಯಾನಿಲ್ಲ' ಅಂತಾನ. ಮನಿಗಿ ಬಂದು ಕಂಬಕ್ಕ ತಲಿ ಹಚ್ಚಿ ಕುಂಡ್ರತಾನ."

"ಸುಮ್ಮಿರಬೇ ಯವ್ವಾ."

"ಯಾಕ ಸುಮ್ಮಿರಲಿ? ಜಮಖಂಡಿಗಿ ನಡಿ ಅಂದ್ರ, ಅವರ ಹೆಸರ ಕೆಡತೈತಿ ಅಂತಿ."

ಸಂಧ್ಯಾ ಬಾಳೇಶನ ಕಡೆ ತಿರುಗಿದಳು. ಇಷ್ಟು ದಿನ ಇವನನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದಳು...

"ನನ್ನ ಮುಂದ ಒದರತೀರಿ, ಊರಾಗ ಹೊಗಳತೀರಿ. ಏನ ಮನಷ್ಯಾರ್ರಿ ನೀವು?" ದನಿ ತಾನಾಗಿ ಇಳಿದಿತ್ತು.

"ಜಗಳ ನಿಮ್ಮ ಜೋಡಿ ಇತ್ತು, ಊರ ಜೋಡಿ ಅಲ್ಲ." ಬಾಳೇಶ ನೆಲ ನೋಡುತ್ತ ಹೇಳಿದ. "ಅದಕ್ಕ ಬೆಂಚು ಖಾಲಿ ಆಗೂತನಕ ಹೊರಗ ನಿಂತು, ಆಮ್ಯಾಲ ಒಳಗ ಬರತಿದ್ದೆ."

ಸಂಧ್ಯಾ ಚೀಲದಿಂದ ಹೊಲಿಗೆ ಬಿಚ್ಚುವ ಸಣ್ಣ ಕತ್ತರಿ ತೆಗೆದು ಅವನ ಕೈಗಿಟ್ಟಳು. "ಇನ್ನಮ್ಯಾಲ ಇದರಿಂದ. ಹಲ್ಲಿಗಿ ಎಳಿ ಮುಟ್ಟಿಸಿದ್ರಂದ್ರ ನಾನ ಕೀಳತೇನಿ."

ಗುಳಿಗೆ ಬದಲಿಸಲಿಲ್ಲ, ಬೇರೆ ಔಷಧಿಯನ್ನೂ ಕೊಡಲಿಲ್ಲ. ಹಲ್ಲನ್ನು ಸುಮ್ಮನಿರಲು ಬಿಟ್ಟರು, ಅಷ್ಟೇ. ಮೂರೇ ದಿನದಲ್ಲಿ ನೋವು ಇಳಿಯಿತು. ಆ ವಾರ ತಾಯವ್ವ ತನ್ನ ದವಡೆಹಲ್ಲು ತೋರಿಸಲು ಬಂದಳು, ಬರುವಾಗ ಓಣಿಯ ನಾಲ್ಕು ಹೆಂಗಸರನ್ನೂ ಕರೆತಂದಳು. "ಕೀಳಬ್ಯಾಡ್ರಿ, ಉಳಿಸ್ರಿ," ಅಂದರು ಅವರು. ಸಂಧ್ಯಾ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಮುಂದಿನ ವಾರ ಬಾಳೇಶನ ಹಲ್ಲಿಗೆ ಕ್ಯಾಪ್, ಅಂದರೆ ಟೊಪ್ಪಿಗೆ, ಕೂರಿಸಿದಳು.

"ಬ್ಯಾನಿ?"

"ಇಲ್ಲ."

"ಹಂಗಾರ ಮುಗೀತು. ಇನ್ನ ಬರೂದು ಬ್ಯಾಡ." ಅಂದಳು, ಅವನ ಕಡೆ ನೋಡದೆ.

ಅವನು ಕುರ್ಚಿಯಿಂದ ಏಳಲಿಲ್ಲ.

"ಮತ್ತೇನು?"

"ಏನರ ಜಗಳ ತಗದು ಕುಂಡ್ರೂಣು ಅಂತ ಮುಂಜಾನಿಂದ ಹುಡುಕಾಕತ್ತೇನಿ. ಒಂದೂ ಸಿಗವಲ್ದು."

ಸಂಧ್ಯಾ ಬೆನ್ನು ತಿರುಗಿಸಿ ಕೈ ತೊಳೆಯತೊಡಗಿದಳು. ತೊಳೆದ ಕೈಯನ್ನೇ ಮತ್ತೆ ತೊಳೆದಳು.

"ಹಂಗಂದ್ರೇನು?"

"ಹಂಗಂದ್ರ ನೀವ ಬೇಕು ನನಗ. ಖರೆ ಹೇಳತೇನಿ. ಬ್ಯಾನಿ ಹೋತು, ನಿದ್ದಿ ಮಾತ್ರ ಬರವಲ್ದು."

ನಳ ಹರಿಯುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕೆಂಬುದೂ ಅವಳಿಗೆ ತೋಚಲಿಲ್ಲ.

"ನಮ್ಮಪ್ಪ ಭಾಳ ಸಿಟ್ಟಿನ ಮನಷ್ಯಾ," ಅಂದಳು ಕೊನೆಗೆ.

"ನಿಮಗಿಂತನೂ?"

ಅವಳಿಗೆ ನಗು ತಡೆಯಲಾಗಲಿಲ್ಲ. "ಐತವಾರ ಬರತಾರ. ನಾ ಹೇಳತೇನಿ ಅವರಿಗಿ."

"ನೀವ್ಯಾಕ? ನಾ ಬಂದು ಕೇಳತೇನಿ."

"ಬ್ಯಾಡ. ನೀವು ಬಾಯಿ ತಗದ್ರ ಒದರೂದ."

"ಗಂಡಸರ ಮಾತು ಗಂಡಸರ ಆಡಬೇಕ್ರಿ."

ಸಂಧ್ಯಾ ಗರ್ರನೆ ತಿರುಗಿದಳು. "ಏನಂದ್ರಿ? ಇನ್ನೊಮ್ಮೆ ಅನ್ರಿ ನೋಡೂಣು."

ಬಾಳೇಶ ಕುರ್ಚಿಗೆ ಆರಾಮಾಗಿ ಒರಗಿಕೊಂಡ. ಹೊಸ ಟೊಪ್ಪಿಗೆಯ ಹಲ್ಲು ಕಾಣುವಷ್ಟು ನಕ್ಕ.

"ಸಿಕ್ತು ನೋಡ್ರಿ," ಅಂದ.