ಪರದೆಯ ಕೆಳಗೆ ಉಳಿದ ಸಾಲು

ಬಾಗಿಲು ಮುಚ್ಚಿದ್ದು ಅವಳಿಗೆ ಕೇಳಿಸಲಿಲ್ಲ. ಬಂದವನು ಯಾರೆಂದು ಗೊತ್ತಾದದ್ದೇ ಅದರಿಂದ. ಇಷ್ಟು ಸದ್ದಿಲ್ಲದೆ ಬಾಗಿಲು ಮುಚ್ಚುವವನು ಅವಳ ಬದುಕಿನಲ್ಲಿ ಒಬ್ಬನೇ ಇದ್ದ. ಮೂರು ವರ್ಷದ ಹಿಂದೆ ಹೋದದ್ದೂ ಹಾಗೆಯೇ.

"ಸೌಂಡ್ ಫೈಲು," ಎಂದು ಹಾರ್ಡ್ ಡಿಸ್ಕನ್ನು ಮೇಜಿನ ಮೇಲಿಟ್ಟ. ಇಷ್ಟು ದಿನ ಬೇರೆಯವರ ಕೈಯಲ್ಲಿ ಕಳಿಸುತ್ತಿದ್ದ. "ಇದೇ ಕೊನೇದು. ಆರಕ್ಕೆ ಬಸ್ಸಿದೆ."

ಅವಳು ಪರದೆಯಿಂದ ತಲೆಯೆತ್ತಿ ನೋಡಿದಳು. ಸಿನಿಮಾ ಎಡಿಟಿಂಗ್ ಮಾಡುವವರ ಮುಖ ಪಳಗಿದ ಮುಖ; ಯಾವುದನ್ನೂ ಸಾವಿರ ಸಲ ನೋಡಿದಂತೆ ನೋಡಬಲ್ಲದು.

"ಕೂತ್ಕೊಳ್ಳಿ," ಎಂದಳು.

ಹಿಂದೆ 'ನೀನು' ಇತ್ತು...

ಅಷ್ಟರಲ್ಲಿ ನಿರ್ದೇಶಕರು ಇಣುಕಿದರು. ಒಂದು ಕಾಲದಲ್ಲಿ ಲೆಕ್ಕ ಹೇಳಿಕೊಟ್ಟವರಾದ್ದರಿಂದ ಎಲ್ಲರಿಗೂ ಅವರು ಮೇಷ್ಟ್ರು.

"ಕೊನೇಲಿ ಬರೋ ಹೆಸರಿನ ಪಟ್ಟಿ ಹೊಸದಾಗಿ ಮಾಡ್ಬೇಡಮ್ಮ. ಹೋದ ಸಿನಿಮಾದ್ದೇ ತೆಗೆದು ಹೆಸರು ಬದಲಾಯಿಸು. ಸೌಂಡಿನವರದ್ದು ಇವನು ಹೇಳ್ತಾನೆ. ನನ್ನ ಭಾವಮೈದುನ ಮಾತ್ರ ನಿಧಾನಕ್ಕೆ ಹೋಗ್ಲಿ. ಹೋದ್ಸಲ ಅವನ ಹೆಂಡ್ತಿ ಕನ್ನಡಕ ಹಾಕ್ಕೊಳ್ಳೋದ್ರೊಳಗೆ ಮೇಲೆ ಹೋಗ್ಬಿಟ್ಟ."

ಹೋದ ಸಿನಿಮಾದ ಫೈಲು. ಅವಳು ಮೂರು ವರ್ಷ ಮುಟ್ಟದ ಫೈಲು.

ಆ ಸಿನಿಮಾದ ಮೊದಲ ಪ್ರದರ್ಶನದ ಹಿಂದಿನ ದಿನ ಅವಳು ಯಾರಿಗೂ ಹೇಳದೆ ಅವನ ಹೆಸರನ್ನು ಸೌಂಡಿನವರ ಸಾಲಿನಿಂದ ಕಿತ್ತು, ಪಟ್ಟಿಯ ತೀರ ಕೊನೆಗಿಟ್ಟು, ಕೆಳಗೆ ಒಂದು ಮಾತು ಸೇರಿಸಿದ್ದಳು. ಪರದೆಯ ಮೇಲೆ ಒಂಟಿಯಾಗಿ ಬರಲೆಂದು ನಡುವೆ ಬೇಕಾದಷ್ಟು ಜಾಗವನ್ನೂ ಬಿಟ್ಟಿದ್ದಳು. ಮರುದಿನ ಆ ಸಾಲು ಬರುವ ಹೊತ್ತಿಗೆ ಧೈರ್ಯ ಸಾಲದೆ ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತಳು. ಅವನು ಬಂದ, ಅವಳನ್ನು ನೋಡಿದ, ನೋಡದವನಂತೆ ಮೆಟ್ಟಿಲಿಳಿದ.

ಅದಕ್ಕಿಂತ ಸ್ಪಷ್ಟವಾದ ಉತ್ತರ ಇನ್ನೇನು ಬೇಕಿತ್ತು?

ಮೇಷ್ಟ್ರು ಹೋದಮೇಲೆ, "ಆ ಫೈಲು ತೆಗೀರಿ," ಎಂದ ಅವನು. "ನನ್ನ ಹೆಸರೇ ಇಲ್ವಲ್ಲ ಅದ್ರಲ್ಲಿ."

ಮೌಸಿನ ಮೇಲೆ ಅವಳ ಕೈ ನಿಂತಿತು. "ಏನಂದ್ರಿ?"

"ಟೀ ತಂದವರದ್ದಿತ್ತು, ವ್ಯಾನ್ ಓಡಿಸಿದವರದ್ದಿತ್ತು, ಶೂಟಿಂಗ್ ಮಾಡಿದ ಮನೆ ಬೆಕ್ಕಿನದ್ದೂ ಇತ್ತು. ಪರದೆ ಕಪ್ಪಾಗೋ ತನಕ ಕೂತಿದ್ದೆ. ಅಕ್ಕನ್ನ ಬೇರೆ ಕರ್ಕೊಂಡು ಬಂದಿದ್ದೆ."

ಅವಳು ಫೈಲು ತೆರೆದಳು.

ಪಟ್ಟಿ ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂದು ಎರಡು ಗುರುತು ಹಾಕಿದರೆ ನಡುವಿನ ದಾರಿಯನ್ನು ಅದು ತಾನೇ ಏರುತ್ತದೆ. ಆಮೇಲೆ ಸಾಲು ಸೇರಿಸಿದವರು ಕೊನೆಯ ಗುರುತನ್ನೂ ಬದಲಿಸಬೇಕು; ಇಲ್ಲವಾದರೆ ಹೊಸ ಸಾಲು ಪರದೆಯ ಕೆಳಗೇ ಉಳಿದುಬಿಡುತ್ತದೆ. ಇದನ್ನು ಅವಳೇ ಎಷ್ಟೋ ಹೊಸಬರಿಗೆ ಕಲಿಸಿದ್ದಳು. ಆವತ್ತು ಬದಲಿಸಿರಲಿಲ್ಲ. ನಾಚಿಕೆಯಿಂದ ಓಡಿಸಿಯೂ ನೋಡಿರಲಿಲ್ಲ.

ಈಗ ಓಡಿಸಿದಳು. ಬೆಕ್ಕಿನ ಹೆಸರು ಪರದೆಯ ನಡುವೆ ಬಂದು ನಿಂತಿತು. ಪರದೆ ಕಪ್ಪಾಯಿತು.

ಅವಳು ಪಟ್ಟಿಯನ್ನು ಹಿಡಿದು ಮೇಲಕ್ಕೆಳೆದಳು. ಖಾಲಿ ಜಾಗ... ಇನ್ನೂ ಖಾಲಿ ಜಾಗ... ಕೊನೆಗೆ ಅವನ ಹೆಸರು. ಅದರ ಕೆಳಗೆ:

ಈ ಚಿತ್ರದ ಕಿವಿ ಇವನು. ಒಪ್ಪಿದರೆ, ಇನ್ನು ನನ್ನ ಮಾತಿಗೂ ಇವನೇ ಕಿವಿ.

ಅವನು ಓದಿದ. ಮತ್ತೆ ಮೊದಲಿಂದ ಓದಿದ.

"ನೀನು ಓದಿ, ಬೇಡ ಅಂತ ಹೋದೆ ಅಂದ್ಕೊಂಡಿದ್ದೆ," ಎಂದಳು. 'ನೀವು' ಎಲ್ಲಿ ಉದುರಿತೋ ಅವಳಿಗೂ ತಿಳಿಯಲಿಲ್ಲ.

ಅವನು ಮುಖವನ್ನು ಪೂರ್ತಿ ಅವಳತ್ತ ತಿರುಗಿಸಿದ. "ಇನ್ನೊಂದ್ಸಲ ಹೇಳು. ಆ ಕಡೆ ಕೇಳ್ಸಲ್ಲ."

"ಅಂದ್ರೆ?"

"ಬಲಗಿವಿ ಹೋದ ವರ್ಷ ಹೋಯ್ತು. ಎಡಗಿವಿ ಸಾಲಲ್ಲಿ ನಿಂತಿದೆ. ಹೆಚ್ಚೆಂದ್ರೆ ಒಂದು ವರ್ಷ ಅಂದ್ರು ಡಾಕ್ಟ್ರು. ಅಕ್ಕ ತನ್ನ ಅಂಗಡಿಗೆ ಬಾ ಅಂತಾಳೆ. ಜೆರಾಕ್ಸ್ ಮಷೀನಿಗೆ ಕಿವಿ ಬೇಡ್ವಂತೆ." ಅವನು ಪರದೆಯ ಕಡೆ ಗಲ್ಲ ಎತ್ತಿದ. "ಒಳ್ಳೆ ಕಿವೀನೇ ಹುಡುಕ್ಕೊಂಡಿದ್ದೆ ನೀನು."

ನಗಲು ಇಬ್ಬರಿಗೂ ಆಗಲಿಲ್ಲ.

ಮೂರು ವರ್ಷದ ಮಾತು ಹಾಗೆಯೇ ಉಳಿದಿತ್ತು. ಕೇಳುವ ಕಿವಿ ಉಳಿದದ್ದು ಒಂದು, ಅದಕ್ಕೂ ಗಡುವು.

ಅವಳು ಎದ್ದು ಕುರ್ಚಿಯನ್ನು ಅವನ ಎಡಗಡೆಗೆ ತಂದಳು. ಅಲ್ಲಿ ಗೋಡೆಗೂ ಅವನಿಗೂ ನಡುವೆ ಒಂದು ಕುರ್ಚಿ ಹಿಡಿಸುವಷ್ಟು ಜಾಗವಿರಲಿಲ್ಲ. ಹಿಡಿಸಿದಳು.

"ಓದಿ, ಬೇಡ ಅಂತ ಹೋದೆ ಅಂದ್ಕೊಂಡಿದ್ದೆ."

"ಓದಿದ್ರೆ ಹೋಗ್ತಿರ್ಲಿಲ್ಲ," ಎಂದ.

ಗಡಿಯಾರ ಐದೂಕಾಲು ತೋರಿಸುತ್ತಿತ್ತು. ಅವಳು ಹೊಸ ಪಟ್ಟಿಯ ಕೊನೆಗೆ ಅವನ ಹೆಸರು ಬರೆದು ಓಡಿಸಿದಳು. ನಾಲ್ಕು ಸೆಕೆಂಡಿನಲ್ಲಿ ದಾಟಿಹೋಯಿತು. ಪಟ್ಟಿಯ ಅವಧಿಯನ್ನು ಬಲಕ್ಕೆ ಎಳೆದಳು. ಏಳು ಸೆಕೆಂಡು. ಮತ್ತೂ ಎಳೆದಳು. ಹನ್ನೊಂದು. ಎಳೆದಷ್ಟೂ ಹೆಸರು ನಿಧಾನವಾಯಿತು. ಆದರೂ ಏರಿತು, ದಾಟಿತು.

"ಇನ್ನೂ ಎಳೀಲಾ?"

"ಮೇಷ್ಟ್ರು ಬೈತಾರೆ."

"ಬೈಲಿ."

ಮೌಸಿನ ಮೇಲಿದ್ದ ಅವಳ ಕೈಯ ಮೇಲೆ ಅವನು ತನ್ನ ಕೈಯಿಟ್ಟ.

"ಎಳಿ," ಎಂದ. "ಬಸ್ಸಿರೋದು ಆರಕ್ಕೆ."