ಅದು ಬರೀ ಕತೆ ಅಂದಿದ್ದಳು

"ಒಂದ್ನಿಮಿಷ... ಆ ಕತೆಯ ಹುಡುಗಿ ನೀವೇ ತಾನೆ?"

ಬಾಗಿಲಿಗೆ ಅಡ್ಡ ನಿಂತವನನ್ನು ಗುಬ್ಬಿ ತಲೆಯೆತ್ತಿ ನೋಡಿದಳು. ಫಿಸಿಯೊಥೆರಪಿ ಓದುವ ಹುಡುಗ. ಅವನ ಎತ್ತರ ನೋಡಿ ಎಲ್ಲರೂ ಕಂಬ ಎಂದೇ ಕರೆಯುತ್ತಿದ್ದರು. ಅವಳು ಅವನೊಂದಿಗೆ ಈವರೆಗೆ ಒಂದು ಮಾತೂ ಆಡಿರಲಿಲ್ಲ.

"ದಾರಿ ಬಿಡಿ. ಅದು ಬರೀ ಕತೆ!"

ವಿದ್ಯಾರ್ಥಿಗಳು ಮನಸ್ಸು ಹಗುರ ಮಾಡಿಕೊಳ್ಳಲೆಂದು ಕಾಲೇಜಿನ ಆಪ್ತಸಮಾಲೋಚಕಿ ಬರವಣಿಗೆಯ ಕೂಟ ನಡೆಸುತ್ತಿದ್ದರು. ಅಂದು ಮೇಡಂ ರಜೆ. ಗುಬ್ಬಿ ಓದಿದ ಕತೆಯಲ್ಲಿ ಹುಡುಗಿಯೊಬ್ಬಳು ತನ್ನ ಸಾಮಾನನ್ನೆಲ್ಲ ಹಂಚಿ, ಯಾರಿಗೂ ಹೇಳದೆ ಹೊರಟುಹೋಗುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಮೂಲೆಯಲ್ಲಿ ಕೂತಿದ್ದ ಇವನೊಬ್ಬನನ್ನು ಬಿಟ್ಟು.

"ಕತೆ ಸರಿ. ನಿಮ್ಮ ಡ್ರಾಯಿಂಗ್ ಬೋರ್ಡ್ ನನ್ನ ತಂಗಿಗೆ ಯಾಕೆ ಕೊಟ್ರಿ? ನಿಮ್ಮ ಜೂನಿಯರ್ ಅವಳು. ಇನ್ಮೇಲೆ ನಂಗೆ ಬೇಕಾಗಲ್ಲ ಅಂದ್ರಂತೆ..."

ಗುಬ್ಬಿ ಮುಖ ತಿರುಗಿಸಿದಳು. 'ಇವನಿಗ್ಯಾಕೆ ಇದೆಲ್ಲ?' ಅವನನ್ನು ಸರಿಸಿ ನಡೆದೇಬಿಟ್ಟಳು.

ಅಂದು ಸಂಜೆಯೇ ಹಾಸ್ಟೆಲ್ ವಾರ್ಡನ್ ಕರೆಸಿದರು. ಕೋಣೆಯಲ್ಲಿ ರಜೆ ಬಿಟ್ಟು ಬಂದ ಮೇಡಂ ಇದ್ದರು. ಪಕ್ಕದಲ್ಲಿ... ಅಮ್ಮ! ಅತ್ತು ಅತ್ತು ಕಣ್ಣು ಊದಿಕೊಂಡಿತ್ತು.

ಯಾರು ಹೇಳಿದ್ದೆಂದು ಕೇಳಬೇಕಾಗಿರಲಿಲ್ಲ. ಗುಬ್ಬಿ ಸರಕ್ಕನೆ ತಿರುಗಿ ಹೊರಗೆ ಬಂದಳು. ಕಂಬ ಗೇಟಿನ ಬಳಿಯೇ ನಿಂತಿದ್ದ.

"ಚಾಡಿಕೋರ! ನಂಬಿ ಓದಿದ್ದನ್ನ ಊರಿಗೆಲ್ಲ ಸಾರಿದ್ರಾ?"

"ಊರಿಗಲ್ಲ. ಮೇಡಂಗೆ ಮಾತ್ರ ಫೋನ್ ಮಾಡ್ದೆ."

"ಅದು ಕತೆ ಅಂದೆನಲ್ಲ!"

"ಕತೆನೇ ಆಗಿದ್ರೆ ನಾನು ಪೆದ್ದ ಆಗ್ತೀನಿ. ಆಗ್ಲಿ ಬಿಡಿ." ಅವನು ಗೇಟಿನ ಸರಳು ಹಿಡಿದುಕೊಂಡ. "ಜೀವನಪೂರ್ತಿ ನನ್ನನ್ನ ಬಯ್ಕೊಂಡಿರಿ... ಆದ್ರೆ ಇರಿ. ಅಷ್ಟೇ."

ಇರಿ!

ಎಷ್ಟು ದಿನದಿಂದ ಯಾರಾದರೂ ಹೀಗೆನ್ನಲೆಂದು ಕಾದಿದ್ದಳೋ... ಗುಬ್ಬಿ ಗೇಟಿನ ಪಕ್ಕದ ಮೆಟ್ಟಿಲ ಮೇಲೆ ಕುಸಿದಳು.

"ಅದು... ಕತೆ ಅಲ್ಲ. ಎರಡು ಪೇಪರ್ ಹೋಗಿದೆ. ಅಮ್ಮಂಗೆ ಹೇಗೆ ಮುಖ ತೋರಿಸ್ಲಿ?"

ಅವನು ಅವಳನ್ನು ಮುಟ್ಟಲಿಲ್ಲ, ಬುದ್ಧಿಮಾತೂ ಹೇಳಲಿಲ್ಲ. "ಒಳಗೆ ಹೋಗಿ. ನಾನು ಇಲ್ಲೇ ಇರ್ತೀನಿ," ಎಂದ.

ಒಳಗೆ ಹೋಗಿ ಎಲ್ಲ ಹೇಳಿದಾಗ ಅಮ್ಮ ಬಾಚಿ ತಬ್ಬಿಕೊಂಡರು. "ಫೇಲಾದ್ರೆ ಆಗ್ಲಿ ಕಣೇ! ನೀನೇ ಇಲ್ದೆ ನಾನೇನ್ ಮಾಡ್ಲಿ?"

ಗುಬ್ಬಿ ಮನೆಗೆ ಹೋದಳು. ಮನೋವೈದ್ಯರು, ಮಾತ್ರೆ, ನಿದ್ದೆ. ಕೆಲವು ದಿನ ಒಂದು ಸಾಲು ಬರೆಯುವುದೂ ಬೆಟ್ಟ ಹೊತ್ತಂತಿತ್ತು. ಆದರೂ ಬರೆದಳು. ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದಳು.

ಮುಂದಿನ ಸೆಮಿಸ್ಟರಿಗೆ ಕೂಟಕ್ಕೆ ಮರಳಿದಾಗ ಕಂಬ ಮೂಲೆಯಲ್ಲಿದ್ದ. ನಕ್ಕ, ಅಷ್ಟೇ. ಮುಗಿದೊಡನೆ ಎದ್ದುಹೋಗುತ್ತಿದ್ದ. ವಾರವಾರವೂ ಇದೇ!

'ಪಾಪ ಅನ್ನಿಸಿ ಬಂದವನು... ನಾನೇ ಏನೇನೋ ಅಂದ್ಕೊಂಡೆ.' ಕೊನೆಗೊಂದು ದಿನ ತಡೆಯಲಾಗದೆ ಹಿಂದೆಯೇ ಓಡಿದಳು.

"ನನ್ನ ಕಂಡ್ರೆ ಯಾಕೆ ತಪ್ಪಿಸ್ಕೊಳ್ತೀರಾ?"

ಅವನು ಅಂಗಳದ ಬೆಂಚಿನ ಮೇಲೆ ಕೂತ. "ಸಹಾಯ ಮಾಡಿದೋನು ಪ್ರೀತಿ ಕೇಳಿದ್ರೆ... ಋಣ ತೀರಿಸು ಅಂದಂಗಾಗತ್ತೆ. ಅದಕ್ಕೇ..."

"ಹಾಗಾದ್ರೆ ನೀವು ಕೇಳ್ಬೇಡಿ." ಗುಬ್ಬಿ ಅವನೆದುರಿಗೆ ಬಂದು ನಿಂತಳು. "ನಾನೇ ಕೇಳ್ತೀನಿ. ನಂಗೆ ನೀನಂದ್ರೆ ಇಷ್ಟ. ನಿಂಗೆ?"

"ತುಂಬಾ..." ಅವನ ಕಣ್ಣು ತುಂಬಿತು.

"ನಾನಿನ್ನೂ ಪೂರ್ತಿ ಗಟ್ಟಿಯಾಗಿಲ್ಲ ಕಣೋ. ಕೆಲವು ದಿನ ಏಳೋಕೂ ಆಗಲ್ಲ."

"ಪರವಾಗಿಲ್ಲ." ಅವನು ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದ. "ಬಾ, ಕೂತ್ಕೋ."